ಬೆಳೆಯಲೊಲ್ಲದ ಹುಡುಗನ ದತ್ತಿ

ನಮ್ಮ ಊರುಗಳಲ್ಲಿ ದೇವಾಲಯದ ಮುಂದೆಯೋ ಕೆರೆಯ ಏರಿಯ ಮೇಲೆಯೋ ನಿಂತಿರುವ ಶಾಸನದ ಕಲ್ಲುಗಳನ್ನು ನೀವೆಲ್ಲರೂ ನೋಡಿರುತ್ತೀರಿ. ಕಲ್ಲಿನ ನೆತ್ತಿಯಲ್ಲಿ ಒಂದು ಕಡೆ ಸೂರ್ಯ, ಇನ್ನೊಂದು ಕಡೆ ಚಂದ್ರ. ಕೆಳಗೆ, ಯಾರೋ ಒಬ್ಬರು ದೇವರ ನಂದಾದೀಪಕ್ಕೆಂದೋ, ತಪಸ್ವಿಗಳ ಆಹಾರಕ್ಕೆಂದೋ, ಓದುವ ಮಕ್ಕಳ ಊಟಕ್ಕೆಂದೋ ಇಷ್ಟು ಮತ್ತರು ಭೂಮಿಯನ್ನು ಬಿಟ್ಟರೆಂಬ ವಿವರ; ಆ ಭೂಮಿಯ ನಾಲ್ಕು ದಿಕ್ಕಿನ ಎಲ್ಲೆ; ಕಟ್ಟಕಡೆಗೆ, ಈ ಧರ್ಮವನ್ನು ಅಳಿದವನಿಗೆ ತಟ್ಟುವ ಪಾಪಗಳ ಪಟ್ಟಿ. ನೆತ್ತಿಯ ಮೇಲಿನ ಸೂರ್ಯಚಂದ್ರರು ಅಲಂಕಾರಕ್ಕೆಂದು ಬಂದವರಲ್ಲ. ಅವರು ಆ ದತ್ತಿಯ ಅವಧಿ. ಚಂದ್ರಸೂರ್ಯರಿರುವವರೆಗೆ ಇದು ನಡೆಯಲಿ ಎಂಬ ಅರ್ಥದಲ್ಲಿ ನಮ್ಮ ಹಿರಿಯರು 'ಆಚಂದ್ರಾರ್ಕ' ಎಂಬ ಒಂದು ಮಾತನ್ನೇ ಮಾಡಿಟ್ಟುಕೊಂಡಿದ್ದರು.

ದತ್ತಿಯೆಂದರೆ ಬರಿಯ ದೀಪ ಧೂಪಗಳಿಗೆ ಬಿಟ್ಟದ್ದು ಎಂದು ತಿಳಿಯಬೇಕಾಗಿಲ್ಲ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿದ್ದ ಕೋಡಿಯ ಮಠವನ್ನು ವರ್ಣಿಸುವ 12ನೆಯ ಶತಮಾನದ ಶಾಸನವು, ಅಲ್ಲಿ ವೇದಶಾಸ್ತ್ರಗಳ ವ್ಯಾಖ್ಯಾನ ನಡೆಯುತ್ತಿದ್ದುದನ್ನು ಹೇಳುವ ಉಸಿರಿನಲ್ಲಿಯೇ, ರೋಗದಿಂದ ನರಳುವವರಿಗೆ ಅಲ್ಲಿ ಔಷಧವೂ ದೊರೆಯುತ್ತಿತ್ತೆಂದು ಹೇಳುತ್ತದೆ. ಇಂದಿನ ನನ್ನ ಮಾತು ಅಂಥ ಒಂದು ದತ್ತಿಯನ್ನು ಕುರಿತದ್ದು. ಆದರೆ ಅದು ನಡೆದದ್ದು ಬಹು ದೂರದ ಲಂಡನ್ ನಗರದಲ್ಲಿ. ಅಲ್ಲಿಗೆ ಹೋಗುವ ಮೊದಲು, ಅದರ ನೆನಪು ನನಗೆ ಬಂದದ್ದು ಹೇಗೆಂಬುದನ್ನು ಹೇಳಬೇಕು. ಅದು ನಮ್ಮ ಮನೆಯ ಮಾತು. ನಮಗೆ ಅಷ್ಟೇನೂ ಕೀರ್ತಿ ತರುವ ಮಾತಲ್ಲ.

ನನಗೊಬ್ಬ ತಂಗಿಯಿದ್ದಳು. ನಾಲ್ಕನೆಯ ವರ್ಷದಲ್ಲಿ ಗಂಟಲಮಾರಿಯಿಂದ ತೀರಿಕೊಂಡಳು. ಎತ್ತಿನ ಗಾಡಿ ಪೇಟೆಯ ಆಸ್ಪತ್ರೆಯನ್ನು ತಲುಪುವ ಹೊತ್ತಿಗೆ ತಡವಾಗಿತ್ತು. ನಮ್ಮ ತಾಯಿ ಆ ವಿಷಯವನ್ನು ಹೆಚ್ಚಾಗಿ ಆಡುತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ, ತಮ್ಮ ಕೊನೆಯ ಕಾಯಿಲೆಯಲ್ಲಿ, ನನ್ನನ್ನೂ ತಮ್ಮನನ್ನೂ ಹತ್ತಿರ ಕರೆದು, "ಬಾವಿ ಹತ್ತಿರದ ನಾಲ್ಕು ತೆಂಗಿನ ಮರ ಇದೆಯಲ್ಲಪ್ಪ, ಅದರ ಕಾಯಿ ಮನೆಗೆ ಬೇಡ. ಆಸ್ಪತ್ರೇಲಿ ಮಲಗಿರೋ ಮಕ್ಕಳಿಗೆ ಅದರ ದುಡ್ಡಲ್ಲಿ ಹಾಲು ಕೊಡಿಸಿ" ಎಂದರು. ಕಾಗದವಿಲ್ಲ, ಸಾಕ್ಷಿಯಿಲ್ಲ. ನಾವು ಆಗಲೆಂದೆವು. ಹನ್ನೊಂದು ವರ್ಷ ಹಾಗೆಯೇ ನಡೆಸಿದೆವು. ಆಮೇಲೆ ಮನೆ ಪಾಲಾಯಿತು. ಬಾವಿಯ ಬಳಿಯ ತೋಟ ತಮ್ಮನ ಪಾಲಿಗೆ ಬಂತು. ಹಾಲಿನ ಲೆಕ್ಕವನ್ನು ಅಣ್ಣ ನೋಡಿಕೊಳ್ಳುತ್ತಿದ್ದಾನೆಂದು ಅವನು ತಿಳಿದ. ಮರ ಯಾರದೋ ಧರ್ಮವೂ ಅವನದೇ ಎಂದು ನಾನು ತಿಳಿದೆ. ಇಬ್ಬರಲ್ಲಿ ಯಾರೂ ಜಿಪುಣರಲ್ಲ, ಯಾರೂ ತಾಯಿಯ ಮಾತನ್ನು ಮರೆತವರೂ ಅಲ್ಲ. ಆದರೂ ಹಾಲು ನಿಂತುಹೋಯಿತು. ನಿಂತು ಮೂರು ವರ್ಷವಾಯಿತೆಂಬುದು ನಮಗೆ ತಿಳಿದದ್ದು ಒಂದು ಮದುವೆಯ ಮನೆಯಲ್ಲಿ, ಊಟದ ಪಂಕ್ತಿಯಲ್ಲಿ ಅಕ್ಕಪಕ್ಕ ಕುಳಿತು ಮಾತಾಡುವಾಗ.

ಆ ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ, ನಾನು ಇಂಗ್ಲಿಷ್ ಸಾಹಿತ್ಯದ ಪಾಠ ಹೇಳುತ್ತಿದ್ದ ಕಾಲದಲ್ಲಿ ಓದಿದ್ದ ಒಂದು ದತ್ತಿಯ ಚರಿತ್ರೆ ನೆನಪಾಯಿತು. ಕೊಟ್ಟವನು ಹೋಗಿ ಎಂಬತ್ತು ವರ್ಷಗಳ ಮೇಲಾದರೂ ನಡೆದುಕೊಂಡು ಬಂದಿರುವ ದತ್ತಿ ಅದು. ನಮ್ಮ ನಾಲ್ಕು ಮರಗಳು ಸೋತ ಕಡೆಯಲ್ಲಿ ಅದು ಹೇಗೆ ಗೆದ್ದಿತು ಎಂದು ನೋಡುವ ಆಸೆಯಿಂದ ಮತ್ತೆ ಅದನ್ನು ಹುಡುಕಿ ಓದಿದೆ.

ಚರಿತ್ರೆ ಶುರುವಾಗುವುದು ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಎಂಬ ಬೀದಿಯ ಒಂದು ಹಳೆಯ ಮನೆಯಲ್ಲಿ. 1852ನೆಯ ಇಸವಿ ಫೆಬ್ರವರಿ 14ರಂದು ಅಲ್ಲಿ ಹತ್ತು ಹಾಸಿಗೆಗಳ ಒಂದು ಆಸ್ಪತ್ರೆ ತೆರೆಯಿತು. ಮಕ್ಕಳನ್ನು ಒಳರೋಗಿಗಳಾಗಿ ಇರಿಸಿಕೊಂಡು ನೋಡುವುದಕ್ಕೆಂದೇ ಬ್ರಿಟನ್ನಿನಲ್ಲಿ ಆದ ಮೊದಲನೆಯ ಆಸ್ಪತ್ರೆ ಅದು. ಪ್ಯಾರಿಸ್ಸಿನಲ್ಲಿ ಅಂಥದೊಂದು 1802ರಲ್ಲಿಯೇ ಆಗಿತ್ತು. ಜಗತ್ತಿಗೆಲ್ಲ ಹಡಗು ಕಳುಹಿಸುತ್ತಿದ್ದ ಲಂಡನ್ನಿಗೆ ಮಾತ್ರ ಇನ್ನೈವತ್ತು ವರ್ಷ ಬೇಕಾಯಿತು. 1843ರಲ್ಲಿ ಆ ನಗರದ ಆಸ್ಪತ್ರೆಗಳಲ್ಲಿದ್ದ ರೋಗಿಗಳನ್ನು ಎಣಿಸಿದಾಗ, ಸುಮಾರು 2,400 ಮಂದಿಯಲ್ಲಿ ಹತ್ತು ವರ್ಷದೊಳಗಿನ ಮಕ್ಕಳು 26 ಮಾತ್ರ ಇದ್ದರಂತೆ. ಮಕ್ಕಳಿಗೆ ಕಾಯಿಲೆ ಬರುತ್ತಿರಲಿಲ್ಲವೆಂದಲ್ಲ. ಆ ನಗರದಲ್ಲಿ ಸಾಯುವವರಲ್ಲಿ ಬಹು ದೊಡ್ಡ ಪಾಲು ಮಕ್ಕಳದೇ. ಆದರೆ ಎಳೆಯ ಮಗುವಿನ ಸ್ಥಳ ತಾಯಿಯ ಮಡಿಲು, ಆಸ್ಪತ್ರೆಯಲ್ಲವೆಂಬ ಭಾವನೆ ವೈದ್ಯರಲ್ಲಿಯೂ ಇತ್ತು. ಒಂದು ಮಗುವಿನ ಸೋಂಕು ಇಡೀ ವಾರ್ಡಿಗೆ ಹರಡೀತೆಂಬ ಭಯವೂ ಇತ್ತು. ಮಗುವಿನ ದೇಹ ಎಂದರೆ ದೊಡ್ಡವರ ದೇಹದ ಚಿಕ್ಕ ಪಡಿಯಚ್ಚಲ್ಲ, ಅದರ ಕಾಯಿಲೆಗಳನ್ನು ಬೇರೆಯಾಗಿಯೇ ಕಲಿಯಬೇಕು ಎಂದು ಹಟ ಹಿಡಿದು ನಿಂತವನು ಡಾಕ್ಟರ್ ಚಾರ್ಲ್ಸ್ ವೆಸ್ಟ್. ಆ ಹತ್ತು ಹಾಸಿಗೆಗಳು ಅವನ ಹಟದ ಫಲ.

ಆಗ ಸರ್ಕಾರದ ಹಣ ಇಂಥ ಸಂಸ್ಥೆಗಳಿಗೆ ಬರುತ್ತಿರಲಿಲ್ಲ. ಉದಾರಿಗಳ ವಂತಿಗೆಯಿಂದ ನಡೆಯಬೇಕು. ಕೆಲವು ವರ್ಷಗಳಲ್ಲಿಯೇ ಕೈ ಬರಿದಾಗತೊಡಗಿತು. ಆಗ ಅದರ ನೆರವಿಗೆ ಬಂದವನು ಒಬ್ಬ ಕಾದಂಬರಿಕಾರ, ಚಾರ್ಲ್ಸ್ ಡಿಕನ್ಸ್. ಆಸ್ಪತ್ರೆ ತೆರೆದ ವರ್ಷವೇ ಅವನ ವಾರಪತ್ರಿಕೆಯಲ್ಲಿ ಅದನ್ನು ಕುರಿತ ಲೇಖನ ಬಂದಿತ್ತು. 1858ರ ಫೆಬ್ರವರಿಯಲ್ಲಿ ನಡೆದ ಒಂದು ಔತಣದಲ್ಲಿ ಅವನು ಆಸ್ಪತ್ರೆಯ ಪರವಾಗಿ ಮಾಡಿದ ಭಾಷಣದಿಂದ ಮೂರು ಸಾವಿರ ಪೌಂಡುಗಳಿಗೂ ಹೆಚ್ಚು ಹಣ ಕೂಡಿತು. ಏಪ್ರಿಲ್ ತಿಂಗಳಿನಲ್ಲಿ ತನ್ನ 'ಕ್ರಿಸ್‌ಮಸ್ ಕ್ಯಾರಲ್' ಕಥೆಯನ್ನು ಸಭೆಯಲ್ಲಿ ತಾನೇ ಓದಿ, ಅದರ ಹಣವನ್ನೂ ಕೊಟ್ಟ. ಆಸ್ಪತ್ರೆ ಪಕ್ಕದ ಮನೆಯನ್ನು ಕೊಂಡಿತು, ಹಾಸಿಗೆಗಳು ಹೆಚ್ಚಿದವು.

ಡಿಕನ್ಸನ ಇನ್ನೊಂದು ಕಾಣಿಕೆಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. 1864-65ರಲ್ಲಿ ಕಂತುಕಂತಾಗಿ ಬಂದ ಅವನ 'ಅವರ್ ಮ್ಯೂಚುಯಲ್ ಫ್ರೆಂಡ್' ಕಾದಂಬರಿಯಲ್ಲಿ ಜಾನಿ ಎಂಬ ಒಬ್ಬ ಅನಾಥ ಹುಡುಗ ಬರುತ್ತಾನೆ. ಕಾಯಿಲೆ ಮುದಿಯಜ್ಜಿಯ ಕೈಮೀರಿದ ಮೇಲೆ ಅವನನ್ನು ಮಕ್ಕಳ ಆಸ್ಪತ್ರೆಗೆ ತರುತ್ತಾರೆ. ತಡವಾಗಿರುತ್ತದೆ. ಸಾಯುವ ಮುನ್ನ ಆ ಮಗು ತನಗೆ ಯಾರೋ ತಂದುಕೊಟ್ಟಿದ್ದ ಕುದುರೆ, ಹಕ್ಕಿ, ಪುಟ್ಟ ದೋಣಿಮನೆಗಳನ್ನೆಲ್ಲ ಪಕ್ಕದ ಹಾಸಿಗೆಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಹುಡುಗನಿಗೆ ಕೊಡಿಸಿಬಿಡುತ್ತದೆ. ಆ ಅಧ್ಯಾಯಕ್ಕೆ ಡಿಕನ್ಸ್ ಇಟ್ಟ ಹೆಸರಿನಲ್ಲಿಯೇ 'ಉಯಿಲು' ಎಂಬ ಮಾತಿದೆ. ತನ್ನದೆಂಬುದು ಕೆಲವು ಆಟದ ಸಾಮಾನೇ ಆದರೂ, ತಾನು ಬಿಟ್ಟುಹೋಗುವುದು ಇನ್ನೂ ಇಲ್ಲಿಯೇ ಉಳಿದು ನರಳಬೇಕಾದ ಒಂದು ಮಗುವಿನ ಕೈಸೇರಲಿ ಎಂಬ ಇಚ್ಛೆ. ಈ ವಿಷಯದಲ್ಲಿ ನಾನು ಓದಿದ ಎಲ್ಲ ಮರಣಶಾಸನಗಳ ಸಾರವೂ ಜಾನಿಯ ಆ ಉಯಿಲಿನಲ್ಲಿದೆ ಎಂದು ನನಗೆ ತೋರುತ್ತದೆ.

ಇನ್ನು ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಆಸ್ಪತ್ರೆಯಿಂದ ಕೆಲವೇ ಹೆಜ್ಜೆ ನಡೆದರೆ, ಅದಕ್ಕಿಂತ ನೂರು ವರ್ಷ ಮೊದಲಿನ ಇನ್ನೊಂದು ಸಂಸ್ಥೆಯ ನೆಲ ಸಿಕ್ಕುತ್ತದೆ. ತಾಮಸ್ ಕೋರಮ್ ಎಂಬ ಒಬ್ಬ ಹಡಗಿನ ಕಪ್ತಾನ ಬೀದಿಯಲ್ಲಿ ಬಿಟ್ಟುಹೋದ ಹಸುಗೂಸುಗಳನ್ನು ಕಂಡು ತಡೆಯಲಾರದೆ, ಹದಿನೇಳು ವರ್ಷ ದೊಡ್ಡವರ ಬಾಗಿಲು ತಟ್ಟಿ, 1739ರಲ್ಲಿ ರಾಜನ ಸನ್ನದನ್ನು ಪಡೆದು ಕಟ್ಟಿದ ಫೌಂಡ್ಲಿಂಗ್ ಹಾಸ್ಪಿಟಲ್ ಅದು. ಹಾಸ್ಪಿಟಲ್ ಎಂಬ ಹೆಸರಿದ್ದರೂ ಆ ಕಾಲದ ಅರ್ಥದಲ್ಲಿ ಅದು ಚಿಕಿತ್ಸಾಲಯವಲ್ಲ, ಅನಾಥಾಲಯ. ಚಿತ್ರಕಾರ ಹೋಗಾರ್ತ್ ಅದಕ್ಕೆ ಚಿತ್ರಗಳನ್ನು ಕೊಟ್ಟ. ಸಂಗೀತಗಾರ ಹ್ಯಾಂಡೆಲ್ ಅದರ ಪ್ರಾರ್ಥನಾಮಂದಿರಕ್ಕೆ ಆರ್ಗನ್ ವಾದ್ಯವನ್ನು ಕೊಟ್ಟ; 1750ರಿಂದ ಅಲ್ಲಿ ವರ್ಷವರ್ಷವೂ ತನ್ನ 'ಮೆಸ್ಸಾಯ' ಕೃತಿಯನ್ನು ಹಾಡಿಸಿ ಹಣ ಕೂಡಿಸಿದ. 1759ರಲ್ಲಿ ಅವನು ತೀರಿಕೊಂಡಾಗ, ಆ ಕೃತಿಯ ಒಂದು ಶುದ್ಧಪ್ರತಿಯನ್ನೂ, ಹಾಡುವವರಿಗೂ ನುಡಿಸುವವರಿಗೂ ಬೇಕಾದ ಎಲ್ಲ ಭಾಗಗಳ ಪ್ರತಿಗಳನ್ನೂ ಆ ಮಕ್ಕಳ ಸಂಸ್ಥೆಗೆ ಸಲ್ಲಿಸಬೇಕೆಂದು ಉಯಿಲಿನಲ್ಲಿ ಬರೆಸಿದ್ದುದು ತಿಳಿಯಿತು. ಹಣವನ್ನಲ್ಲ, ಹಣ ತರಬಲ್ಲ ಹಾಡನ್ನು ಬಿಟ್ಟುಹೋದ. ಅವನ ತರುವಾಯವೂ ಹದಿನೆಂಟು ವರ್ಷ, 1777ರವರೆಗೆ, ಆ ಮಂದಿರದಲ್ಲಿ ಆ ಹಾಡು ನಡೆಯಿತು.

ಇಲ್ಲಿ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿರೆಂದು ಕೇಳುತ್ತೇನೆ, ಮುಂದೆ ಬೇಕಾಗುತ್ತದೆ. ಹ್ಯಾಂಡೆಲ್ ಇನ್ನೂ ಬದುಕಿದ್ದಾಗಲೇ, 1754ರಲ್ಲಿ, ಸಂಸ್ಥೆಯ ಆಡಳಿತದವರಿಗೆ ಒಂದು ಆಲೋಚನೆ ಬಂತು. ಈ ಕೃತಿಯನ್ನು ಹಾಡಿಸುವ ಹಕ್ಕು ನಮಗೆ ಮಾತ್ರ ಇರಲೆಂದು ಪಾರ್ಲಿಮೆಂಟಿನಿಂದ ಒಂದು ಕಾಯಿದೆ ಮಾಡಿಸಿದರೆ ಹೇಗೆ ಎಂದು ಅವರು ಮನವಿಯನ್ನು ಸಿದ್ಧಪಡಿಸಿದರು. ಹ್ಯಾಂಡೆಲ್‌ಗೆ ಅದು ಹಿಡಿಸಲಿಲ್ಲ. ಮನವಿ ಅಲ್ಲಿಗೇ ನಿಂತಿತು. ಕಲೆಗಾರನೊಬ್ಬನ ಕೃತಿ ಮಕ್ಕಳ ಸಂಸ್ಥೆಯ ಬದುಕಿಗೆ ಆಧಾರವಾದಾಗ, ಅದನ್ನು ಕಾನೂನು ಎಷ್ಟರಮಟ್ಟಿಗೆ ಕಾಯಬೇಕು ಎಂಬ ಪ್ರಶ್ನೆ ಎದ್ದು, ಉತ್ತರವಿಲ್ಲದೆ ಮಲಗಿತು.

ಈಗ 1929ಕ್ಕೆ ಬರೋಣ. ಅನಾಥ ಮಕ್ಕಳ ಸಂಸ್ಥೆ 1926ರಲ್ಲಿಯೇ ಹಳ್ಳಿಯ ಕಡೆಗೆ ಸಾಗಿಹೋಗಿತ್ತು. ಅದರ ವಿಶಾಲವಾದ ನೆಲ ಜಮೀನು ವ್ಯಾಪಾರಿಯ ಕೈಗೆ ಬಿದ್ದಿತ್ತು. ಅದರಲ್ಲಿ ಒಂದು ಭಾಗವನ್ನಾದರೂ ಕೊಂಡು ಹೊಸ ಕಟ್ಟಡ ಕಟ್ಟಬೇಕೆಂದು ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯವರು ಬಯಸಿದರು. ಹಣ ಕೂಡಿಸುವ ಸಮಿತಿಗೆ ಸೇರಬೇಕೆಂದು ಅವರು ಕೇಳಿಕೊಂಡವರಲ್ಲಿ ನಾಟಕಕಾರ ಜೇಮ್ಸ್ ಬ್ಯಾರಿ ಒಬ್ಬ. ಬ್ಯಾರಿ ಎಂದೊಡನೆ ನಮ್ಮ ಕರಾವಳಿಯವರಿಗೆ ಬೇರೆಯ ನೆನಪು ಬಂದೀತು. ಇವನು ಸ್ಕಾಟ್ಲೆಂಡಿನವನು, ನೇಕಾರರ ಮಗ. ಹೊಸದಾಗಿ ಲಂಡನ್ನಿಗೆ ಬಂದು ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆಯುತ್ತಿದ್ದಾಗ ಅವನಿದ್ದ ಕೋಣೆಯೂ ಈ ಆಸ್ಪತ್ರೆಯ ಆಸುಪಾಸಿನಲ್ಲಿಯೇ ಇತ್ತು. ಸಮಿತಿಯ ಕೆಲಸ ತನ್ನಿಂದಾಗದು, ಬೇರೆ ಯಾವುದಾದರೂ ದಾರಿಯಲ್ಲಿ ನೆರವಾದೇನು ಎಂದು ಅವನು ತಿಳಿಸಿದ. ಸಮಿತಿಗೆ ಬರಲೊಲ್ಲದವರು ಸಾಮಾನ್ಯವಾಗಿ ಹೇಳುವ ಮಾತೇ ಇದು. ಯಾರೂ ಅದನ್ನು ನಂಬಿ ಕುಳಿತಿರಲಾರರು. ಆದರೆ ಎರಡು ತಿಂಗಳು ಕಳೆಯುವಷ್ಟರಲ್ಲಿ, 'ಪೀಟರ್ ಪ್ಯಾನ್' ಕೃತಿಯ ಮೇಲೆ ತನಗಿದ್ದ ಹಕ್ಕುಗಳನ್ನೆಲ್ಲ ಬ್ಯಾರಿ ಆಸ್ಪತ್ರೆಗೆ ಕೊಟ್ಟುಬಿಟ್ಟನೆಂಬ ಸುದ್ದಿ ಬಂತು.

'ಪೀಟರ್ ಪ್ಯಾನ್' ಎಂದರೆ ಏನೆಂಬುದನ್ನು ನೆನಪಿಸಿಕೊಳ್ಳಬೇಕು. ಬೆಳೆಯಲು ಒಲ್ಲೆನೆಂದು ಹಟಮಾಡಿ, ಎಂದೂ ಹುಡುಗನಾಗಿಯೇ ಉಳಿದವನ ಕಥೆ. 1904ನೆಯ ಇಸವಿ ಡಿಸೆಂಬರ್ 27ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ರಂಗವೇರಿತು, 1911ರಲ್ಲಿ ಕಾದಂಬರಿಯಾಯಿತು. ವರ್ಷವರ್ಷವೂ ಕ್ರಿಸ್‌ಮಸ್ ಕಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಆ ನಾಟಕಕ್ಕೆ ಹೋಗುವುದು ಲಂಡನ್ನಿನ ಗೃಹಸ್ಥರಿಗೆ ಹಬ್ಬದ ಒಂದು ಅಂಗವೇ ಆಗಿತ್ತು. ತೋಟದ ಭಾಷೆಯಲ್ಲಿ ಹೇಳುವುದಾದರೆ, ಬ್ಯಾರಿ ಕೊಟ್ಟದ್ದು ಕಾಯಿಯನ್ನಲ್ಲ. ವರ್ಷವರ್ಷವೂ ಫಲ ಬಿಡುವ ಮರವನ್ನು. ಆ ವರ್ಷದ ಡಿಸೆಂಬರಿನಲ್ಲಿ ನಾಟಕದ ನಟನಟಿಯರು ಆಸ್ಪತ್ರೆಗೇ ಬಂದು, ಹಾಸಿಗೆಯಲ್ಲಿದ್ದ ಮಕ್ಕಳ ಮುಂದೆ ಒಂದು ದೃಶ್ಯವನ್ನು ಆಡಿ ತೋರಿಸಿದರು. ಪೀಟರ್ ಪ್ಯಾನ್ ಹಿಂದೊಮ್ಮೆ ಈ ಆಸ್ಪತ್ರೆಯಲ್ಲಿ ರೋಗಿಯಾಗಿದ್ದನೆಂದೂ, ತನ್ನಿಂದ ಈ ಸಣ್ಣ ಕೆಲಸ ಮಾಡಿಸಿದವನು ಅವನೇ ಎಂದೂ ಬ್ಯಾರಿ ತಮಾಷೆ ಮಾಡಿದ್ದುಂಟು.

ಆ ತಮಾಷೆಯ ಹಿಂದೆ ಒಂದು ಹಳೆಯ ನೋವಿದೆ. ಬ್ಯಾರಿಗೆ ಆರು ವರ್ಷವಾಗಿದ್ದಾಗ ಅವನ ಅಣ್ಣ ಡೇವಿಡ್, ಇನ್ನೂ ಹದಿನಾಲ್ಕು ತುಂಬದ ಹುಡುಗ, ಮಂಜುಗಡ್ಡೆಯ ಮೇಲೆ ಬಿದ್ದು ಸತ್ತ. ತಾಯಿ ಹಾಸಿಗೆ ಹಿಡಿದಳು. ಅವಳನ್ನು ಸಮಾಧಾನಪಡಿಸಲು ಆ ಪುಟ್ಟ ತಮ್ಮ ಅಣ್ಣನ ಬಟ್ಟೆ ತೊಟ್ಟು, ಅಣ್ಣನಂತೆ ಸಿಳ್ಳು ಹಾಕಿ, ಅವಳ ಮುಂದೆ ನಿಂತನಂತೆ. ತಾಯಿಯನ್ನು ಕುರಿತು 1896ರಲ್ಲಿ ಅವನು ಬರೆದ 'ಮಾರ್ಗರೆಟ್ ಓಗಿಲ್ವಿ' ಎಂಬ ಪುಸ್ತಕದಲ್ಲಿ ಇದು ಬರುತ್ತದೆ. ತಮ್ಮ ಬೆಳೆದ, ಮೀಸೆ ಬಂತು, ಹೆಸರು ಬಂತು. ಅಣ್ಣ ಮಾತ್ರ ಹದಿಮೂರರಲ್ಲಿಯೇ ನಿಂತುಬಿಟ್ಟ. ಬೆಳೆಯಲೊಲ್ಲದ ಹುಡುಗನ ಕಥೆ ಎಲ್ಲಿಂದ ಬಂತೆಂಬುದನ್ನು ಹೆಚ್ಚು ಹುಡುಕಬೇಕಾಗಿಲ್ಲ. ರಂಗದ ಮೇಲೆ ಅದು ಸಂತೋಷದ ಕಥೆ. ಮನೆಯೊಳಗೆ, ಬೆಳೆಯದ ಮಗು ಎಂದರೆ ಸತ್ತ ಮಗು. ಈ ಸಾಲುಗಳನ್ನು ಮತ್ತೆ ಓದಿದಾಗ ನನಗೆ ನಮ್ಮ ತಾಯಿಯ ಮುಖ ಕಣ್ಣಮುಂದೆ ಬಂತು. ನಾಲ್ಕು ವರ್ಷದ ತಂಗಿ ನಮ್ಮ ಮನೆಯಲ್ಲಿಯೂ ಇಂದಿಗೂ ನಾಲ್ಕು ವರ್ಷದವಳೇ.

ಹೀಗಿರುವಾಗ ಈ ದಾನಕ್ಕೊಂದು ವಿಚಿತ್ರವಾದ ಅರ್ಥ ಬರುತ್ತದೆ. ಎಂದೂ ಬೆಳೆಯದ ಹುಡುಗನೊಬ್ಬ ದುಡಿದು, ಸಾವಿರಾರು ಮಕ್ಕಳು ಬೆಳೆದು ದೊಡ್ಡವರಾಗುವಂತೆ ಮಾಡುತ್ತಾನೆ. ಬ್ಯಾರಿಗೆ ಸ್ವಂತ ಮಕ್ಕಳಿರಲಿಲ್ಲ. ತಂದೆತಾಯಿಗಳನ್ನು ಕಳೆದುಕೊಂಡ ಸ್ನೇಹಿತರ ಐದು ಗಂಡುಮಕ್ಕಳನ್ನು ಸಾಕಿದ. ಆ ಮಕ್ಕಳೊಡನೆ ಆಡಿದ ಆಟಗಳೇ ನಾಟಕದ ಬೀಜ. ಅವರಲ್ಲೊಬ್ಬ 1915ರ ಯುದ್ಧದಲ್ಲಿ, ಇನ್ನೊಬ್ಬ 1921ರಲ್ಲಿ ನೀರಿನಲ್ಲಿ ಮುಳುಗಿ, ತೀರಿಕೊಂಡರು. ಕಪ್ತಾನ ಕೋರಮ್, ಹೋಗಾರ್ತ್, ಹ್ಯಾಂಡೆಲ್, ಇವರಿಗೂ ಮಕ್ಕಳಿರಲಿಲ್ಲವೆಂಬುದು ಕಾಕತಾಳೀಯವೋ ಏನೋ. ಆ ಬಡಾವಣೆಯ ಮಕ್ಕಳ ಆಸ್ತಿಯೆಲ್ಲ ಮಕ್ಕಳಿಲ್ಲದವರು ಬಿಟ್ಟುಹೋದದ್ದು.

1937ರ ಜೂನ್ 19ರಂದು ಬ್ಯಾರಿ ತೀರಿಕೊಂಡ. 1929ರಲ್ಲಿ ಕೊಟ್ಟದ್ದನ್ನು ಅವನ ಉಯಿಲು ಮತ್ತೆ ಖಚಿತಪಡಿಸಿತ್ತು. ಈ ಹಕ್ಕಿನಿಂದ ಆಸ್ಪತ್ರೆಗೆ ಬಂದ ಹಣ ಎಷ್ಟೆಂಬುದನ್ನು ಎಂದಿಗೂ ಪ್ರಕಟಿಸಬಾರದೆಂದು ಅವನು ಕೋರಿದ್ದ. ಆಸ್ಪತ್ರೆಯವರು ಆ ಮಾತನ್ನು ಇಂದಿನವರೆಗೆ ಉಳಿಸಿಕೊಂಡು ಬಂದಿದ್ದಾರೆ. ಆದ್ದರಿಂದ ಅದರ ಮೊತ್ತವನ್ನು ನಾನು ನಿಮಗೆ ಹೇಳುವಂತಿಲ್ಲ. ಹೇಳದಿರುವುದೂ ಆ ದತ್ತಿಯ ಒಂದು ಭಾಗ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ನಮ್ಮಲ್ಲಿಯೂ ಹೇಳುತ್ತಾರೆ. ಹೇಳುವವರು ಗೋಡೆಗೆ ಹೆಸರಿನ ಕಲ್ಲನ್ನೂ ಕೂಡಿಸುವುದುಂಟು.

1948ರಲ್ಲಿ ಬ್ರಿಟನ್ನಿನ ಆಸ್ಪತ್ರೆಗಳೆಲ್ಲ ಸರ್ಕಾರದ ಆರೋಗ್ಯ ವ್ಯವಸ್ಥೆಗೆ ಸೇರಿದವು. ಚಿಕಿತ್ಸೆಗೆ ಹಣ ಕೊಡಬೇಕಾಗಿರಲಿಲ್ಲ. ಅಲ್ಲಿಗೆ ದತ್ತಿಗಳ ಕಾಲ ಮುಗಿಯಿತೆಂದು ಯಾರಾದರೂ ತಿಳಿಯಬಹುದಾಗಿತ್ತು. ಹಾಗಾಗಲಿಲ್ಲ. ಸರ್ಕಾರದ ಆಯವ್ಯಯ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಮುಂದಕ್ಕೆ, ಹೊಸ ಕಟ್ಟಡ, ಹೊಸ ಉಪಕರಣ, ಸಂಶೋಧನೆ, ಮಗುವಿನ ಪಕ್ಕದಲ್ಲಿ ಉಳಿಯಬೇಕಾದ ತಾಯಿಗೆ ಒಂದು ತಂಗುದಾಣ, ಇಂಥವಕ್ಕೆಲ್ಲ ಹೊರಗಿನ ಕೈ ಬೇಕೇ ಬೇಕು. ನಾಟಕ ನಡೆಯುತ್ತಲೇ ಇತ್ತು. 1953ರಲ್ಲಿ ಡಿಸ್ನಿಯ ಚಿತ್ರ ಬಂದು ಪೀಟರ್ ಪ್ಯಾನ್ ಜಗತ್ತಿಗೆಲ್ಲ ಪರಿಚಿತನಾದ.

ಆದರೆ ಈ ಮರಕ್ಕೆ ಒಂದು ದೋಷವಿತ್ತು. ಗ್ರಂಥಸ್ವಾಮ್ಯವೆಂಬುದು ಭೂಮಿಯಂತೆ ಶಾಶ್ವತವಾದ ಆಸ್ತಿಯಲ್ಲ. ಲೇಖಕ ಸತ್ತು ಇಷ್ಟು ವರ್ಷವಾದ ಮೇಲೆ ಅವನ ಕೃತಿ ಎಲ್ಲರದೂ ಆಗಬೇಕೆಂದು ಕಾನೂನು ಹೇಳುತ್ತದೆ, ಅದು ನ್ಯಾಯವಾದದ್ದೇ. ಬ್ರಿಟನ್ನಿನಲ್ಲಿ ಆಗ ಆ ಅವಧಿ ಐವತ್ತು ವರ್ಷ. ಲೆಕ್ಕ ಹಾಕಿದರೆ 1987ನೆಯ ಇಸವಿ ಡಿಸೆಂಬರ್ 31ಕ್ಕೆ ಪೀಟರ್ ಪ್ಯಾನ್ ಆಸ್ಪತ್ರೆಯ ಕೈಬಿಟ್ಟು ಹೋಗಬೇಕು. ಹೋದ. ಕಾಯಿಲೆಯ ಮಕ್ಕಳು ಮಾತ್ರ ಜನವರಿ ಒಂದನೆಯ ತಾರೀಖಿನಂದೂ ಬಂದೇ ಬಂದರು.

ಆಗ ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಗ್ರಂಥಸ್ವಾಮ್ಯದ ಕಾಯಿದೆಯನ್ನೇ ಹೊಸದಾಗಿ ಬರೆಯುವ ಕೆಲಸ ನಡೆದಿತ್ತು. ಪ್ರಭುಗಳ ಸಭೆಯಲ್ಲಿ ಮಾಜಿ ಪ್ರಧಾನಿ ಜೇಮ್ಸ್ ಕ್ಯಾಲಹ್ಯಾನ್ ಎದ್ದು ನಿಂತು ಒಂದು ತಿದ್ದುಪಡಿಯನ್ನು ಮುಂದಿಟ್ಟರು. ಅವರ ಪತ್ನಿ ಆಡ್ರಿ ಕ್ಯಾಲಹ್ಯಾನ್ ಆ ಆಸ್ಪತ್ರೆಯ ಆಡಳಿತಮಂಡಳಿಯ ಅಧ್ಯಕ್ಷೆಯಾಗಿದ್ದವರು. ರಾಜಕಾರಣದ ದೊಡ್ಡ ದೊಡ್ಡ ಮಾತುಗಳನ್ನೆಲ್ಲ ಆಡಿ ಮುಗಿಸಿದ್ದ ಒಬ್ಬ ಮುದುಕರು, ಹಾರುವ ಹುಡುಗನೊಬ್ಬನ ಪರವಾಗಿ ಶಾಸನಸಭೆಯಲ್ಲಿ ವಾದಿಸಿದರು. ತಿದ್ದುಪಡಿ ಒಪ್ಪಿಗೆಯಾಯಿತು. 1988ರ ಆ ಕಾಯಿದೆಯ 301ನೆಯ ವಿಧಿ ಇದಕ್ಕೆಂದೇ ಮೀಸಲು. ಲಕ್ಷೋಪಲಕ್ಷ ಗ್ರಂಥಗಳಿಗೆ ಸಾಮಾನ್ಯವಾಗಿ ಅನ್ವಯಿಸುವ ಕಾಯಿದೆಯಲ್ಲಿ ಒಂದೇ ಒಂದು ನಾಟಕದ ಹೆಸರನ್ನು ಹೇಳಿ ಬರೆದ ವಿಧಿ.

ಅದು ಹೇಳುವುದು ಇಷ್ಟು. ಕೃತಿಯ ಸ್ವಾಮ್ಯ ಮುಗಿದದ್ದು ಮುಗಿಯಿತು. ಆದರೂ ಬ್ರಿಟನ್ನಿನಲ್ಲಿ ಯಾರೇ ಈ ನಾಟಕವನ್ನು ಸಾರ್ವಜನಿಕವಾಗಿ ಆಡಿದರೂ, ವ್ಯಾಪಾರಕ್ಕಾಗಿ ಅಚ್ಚು ಹಾಕಿದರೂ, ಪ್ರಸಾರ ಮಾಡಿದರೂ, ಆಸ್ಪತ್ರೆಗೆ ರಾಯಲ್ಟಿ ಸಲ್ಲಬೇಕು. ಅದಕ್ಕೆ ಕಾಲದ ಮಿತಿಯಿಲ್ಲ. ಆಡಬೇಡ ಎನ್ನುವ ಅಧಿಕಾರವನ್ನು ಈ ವಿಧಿ ಆಸ್ಪತ್ರೆಗೆ ಕೊಡಲಿಲ್ಲ. ಆಡಿದವನಿಂದ ಪಾಲು ಕೇಳುವ ಅಧಿಕಾರವನ್ನು ಕೊಟ್ಟಿತು. ಕಥೆ ಎಲ್ಲರದಾಗಬೇಕೆಂಬ ನ್ಯಾಯಕ್ಕೂ ಚ್ಯುತಿ ಬಾರದು, ಮಕ್ಕಳ ಪಾಲೂ ತಪ್ಪದು. 1754ರಲ್ಲಿ ಹ್ಯಾಂಡೆಲ್ ಒಲ್ಲದೆ ಬಿಟ್ಟ ಪ್ರಶ್ನೆಗೆ 234 ವರ್ಷಗಳ ತರುವಾಯ ಪಾರ್ಲಿಮೆಂಟು ಕಂಡುಕೊಂಡ ಉತ್ತರ ಇದು.

ನಮ್ಮ ದೇಶದಲ್ಲಿಯೂ ಇದನ್ನು ಹೋಲುವ ಒಂದು ಪ್ರಸಂಗ ನಡೆದಿದೆ. ರವೀಂದ್ರನಾಥ ಠಾಕೂರರು ತೀರಿಕೊಂಡದ್ದು 1941ರಲ್ಲಿ. ಅವರ ಕೃತಿಗಳ ಸ್ವಾಮ್ಯ ವಿಶ್ವಭಾರತಿಯದು. ಐವತ್ತು ವರ್ಷದ ಅವಧಿ 1991ಕ್ಕೆ ಮುಗಿಯಬೇಕಾಗಿದ್ದಾಗ, ನಮ್ಮ ಸರ್ಕಾರ ಅವಧಿಯನ್ನೇ ಅರುವತ್ತು ವರ್ಷಕ್ಕೆ ಏರಿಸಿತು. ನಮ್ಮವರು ಒಬ್ಬ ಕವಿಯ ನೆಪದಲ್ಲಿ ಎಲ್ಲ ಲೇಖಕರಿಗೂ ಹತ್ತು ವರ್ಷ ಕೊಟ್ಟರು; ಅವರು ಎಲ್ಲರನ್ನೂ ಬಿಟ್ಟು ಒಂದೇ ಕೃತಿಗೆ ಆಚಂದ್ರಾರ್ಕ ಕೊಟ್ಟರು. ಯಾವುದು ಸರಿ ಎಂಬುದನ್ನು ಕಾನೂನು ಬಲ್ಲವರು ಚರ್ಚಿಸಲಿ. ಒಂದನ್ನು ಮಾತ್ರ ಗಮನಿಸಬೇಕು. ಬ್ರಿಟನ್ನಿನ ಆಚಂದ್ರಾರ್ಕ ಬ್ರಿಟನ್ನಿನ ಗಡಿಯೊಳಗೆ ಮಾತ್ರ. ಅಮೆರಿಕದಲ್ಲಿ 1928ರಲ್ಲಿ ಅಚ್ಚಾದ ನಾಟಕದ ಸ್ವಾಮ್ಯ 2023ರ ಕೊನೆಯವರೆಗೆ ಉಳಿದು, 2024ರ ಜನವರಿ ಒಂದರಂದು ಕಳೆದುಹೋಯಿತು.

ಈ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಇನ್ನೊಂದಿದೆ. ಅದು ಆ ಕಾಯಿದೆಯ ಅನುಸೂಚಿಯಲ್ಲಿ ಸಿಕ್ಕಿತು. ಅನುಸೂಚಿಗಳನ್ನು ಯಾರೂ ಓದುವುದಿಲ್ಲ. ನಾನೂ ಆ ರಾತ್ರಿ ನಿದ್ದೆ ಕಳೆದುಕೊಳ್ಳದಿದ್ದರೆ ಓದುತ್ತಿರಲಿಲ್ಲ. ಈ ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ, ಅಡವಿಡುವಂತಿಲ್ಲ. ಹಾಗೆ ಮಾಡಹೊರಟರೆ ಹಕ್ಕು ಅಲ್ಲಿಗೇ ಅಳಿಯುತ್ತದೆ. ಆಸ್ಪತ್ರೆ ತನ್ನ ಪ್ರತ್ಯೇಕ ಅಸ್ತಿತ್ವವನ್ನು ಕಳೆದುಕೊಂಡರೂ, ಕಾಯಿಲೆಯ ಮಕ್ಕಳ ಆರೈಕೆ ಅದರ ಉದ್ದೇಶಗಳಲ್ಲಿ ಇಲ್ಲವಾದರೂ, ಹಕ್ಕು ಅಳಿಯುತ್ತದೆ. ಓದಿದಾಗ ನಮ್ಮ ಶಾಸನಗಳ ಕೊನೆಯ ಶಾಪವಾಕ್ಯಗಳು ನೆನಪಾದವು. ನಮ್ಮವರು ಧರ್ಮವನ್ನು ಕೆಡಿಸಿದವನಿಗೆ ನರಕದ ಭಯ ಹೇಳಿದರು; ಇವರು ಕೆಡಿಸಿದ ಗಳಿಗೆಯಲ್ಲಿಯೇ ಆದಾಯ ನಿಲ್ಲುವಂತೆ ಮಾಡಿದರು. ದಾರಿ ಬೇರೆ, ಅನುಭವ ಒಂದೇ. ದತ್ತಿಯನ್ನು ಕೊಲ್ಲುವವರು ಬಹುಮಟ್ಟಿಗೆ ಕಳ್ಳರಲ್ಲ, ವೈರಿಗಳಲ್ಲ. ಮನೆಯವರೇ, ಒಳ್ಳೆಯವರೇ, 'ಇನ್ನೊಬ್ಬರು ನೋಡಿಕೊಳ್ಳುತ್ತಿದ್ದಾರೆ' ಎಂದುಕೊಂಡವರೇ.

ಕೊಟ್ಟವನನ್ನು ನಾವು ಹೊಗಳುತ್ತೇವೆ; ಹೊಗಳತಕ್ಕದ್ದೇ. ಆದರೆ ಬ್ಯಾರಿ ಬರೆದದ್ದು ಒಂದು ಕಾಗದ. ಅದನ್ನು ಉಳಿಸಿದವರು ಲೆಕ್ಕ ಬರೆದ ಗುಮಾಸ್ತರು, ಮೊತ್ತವನ್ನು ಬಾಯಿಬಿಡದ ಆಡಳಿತದವರು, ಅವಧಿ ಮುಗಿಯುವ ತಾರೀಖನ್ನು ಕಣ್ಣಿಟ್ಟು ನೋಡಿದವರು, ಸಭೆಯಲ್ಲಿ ಎದ್ದುನಿಂತ ಒಬ್ಬ ವೃದ್ಧರು. ಇವರಲ್ಲಿ ಬಹುಪಾಲು ಮಂದಿ ಬ್ಯಾರಿಯನ್ನು ಕಣ್ಣಿನಿಂದ ಕಂಡವರೇ ಅಲ್ಲ. ಸತ್ತವನ ಇಚ್ಛೆ ನಡೆಯುವುದು ಬದುಕಿರುವವರ ಎಚ್ಚರದಲ್ಲಿ. ಕೋರಮ್ಮನ ಹಳೆಯ ನೆಲದಲ್ಲಿ ಒಂದು ಭಾಗ 1936ರಲ್ಲಿ ಮಕ್ಕಳ ಆಟದ ಬಯಲಾಯಿತು. ಅಲ್ಲಿ ದೊಡ್ಡವರು ಒಂಟಿಯಾಗಿ ಬಾಗಿಲು ದಾಟುವಂತಿಲ್ಲ. ಮಗುವೊಂದು ಜೊತೆಯಲ್ಲಿದ್ದರೆ ಮಾತ್ರ ಪ್ರವೇಶ. ಇಷ್ಟು ಸಣ್ಣ ನಿಯಮವನ್ನೂ ದಿನದಿನವೂ ಬಾಗಿಲಲ್ಲಿ ನಿಂತು ಯಾರಾದರೂ ಕಾಯಬೇಕು.

ನಮ್ಮ ಬಾವಿಯ ಬಳಿ ಈಗ ಉಳಿದಿರುವ ಮರಗಳು ಮೂರು. ಒಂದಕ್ಕೆ ಸಿಡಿಲು ಹೊಡೆಯಿತು. ಆ ಮದುವೆಯ ಊಟದ ಮರುವಾರ ತಮ್ಮ ತಾನಾಗಿಯೇ ಬಂದು, "ಅಣ್ಣ, ಅಮ್ಮನ ವಿಷಯ ಒಂದು ಕಾಗದ ಮಾಡಿಸಿಬಿಡೋಣ" ಎಂದ. ಇಬ್ಬರೂ ಪತ್ರ ಬರೆಯುವವರ ಬಳಿಗೆ ಹೋದೆವು. ಬಿಟ್ಟುಹೋದ ಮೂರು ವರ್ಷದ ಹಣವನ್ನು ಮೊದಲು ಸಲ್ಲಿಸುವುದೆಂದೂ, ವರ್ಷವರ್ಷವೂ ತಂಗಿ ಹೋದ ತಿಂಗಳಿನಲ್ಲಿ ಕಾಯಿಯ ಹಣ ಮಕ್ಕಳ ವಾರ್ಡಿನ ಹಾಲಿಗೆ ಸಲ್ಲತಕ್ಕದ್ದೆಂದೂ, ಲೆಕ್ಕವನ್ನು ಎರಡೂ ಮನೆಯ ಮಕ್ಕಳು ಸರದಿಯಂತೆ ಬರೆಯತಕ್ಕದ್ದೆಂದೂ ಬರೆಸಿದೆವು. ಎಲ್ಲ ಬರೆದಾದ ಮೇಲೆ ಅವರು ತಲೆಯೆತ್ತಿ, "ಅವಧಿ ಎಷ್ಟು ಅಂತ ಹಾಕಲಿ, ಸ್ವಾಮಿ?" ಎಂದು ಕೇಳಿದರು.

ನಾನು ಓದಿದವನು; ಆಚಂದ್ರಾರ್ಕ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ತಮ್ಮ, "ಮರ ಇರೋವರೆಗೆ ಅಂತ ಬರೀರಿ" ಎಂದ. ಸ್ವಲ್ಪ ತಡೆದು, "ಮರ ಬಿದ್ದರೆ ಅದೇ ಗುಣಿಯಲ್ಲಿ ಇನ್ನೊಂದು ಸಸಿ ಇಡತಕ್ಕದ್ದು ಅಂತಲೂ ಬರೀರಿ" ಎಂದು ಸೇರಿಸಿದ. ಹಾಗೆಯೇ ಬರೆದರು. ಸಿಡಿಲು ಹೊಡೆದ ಮರದ ಜಾಗದಲ್ಲಿ ಈ ಮಳೆಗಾಲ ಒಂದು ಸಸಿ ಇಟ್ಟಿದ್ದೇವೆ.